ಕ್ಲೋಷರ್ ಹಿಡಿದಿಟ್ಟ ವೇರಿಯಬಲ್ ಎಲ್ಲಿರುತ್ತದೆ? ನಿಮ್ಮ ಕಂಪೈಲರ್‌ಗೆ ಅದನ್ನು ಕಲಿಸುವ ಬಗೆ

ಸ್ವಂತದ್ದೊಂದು ಪುಟ್ಟ ಪ್ರೋಗ್ರಾಮಿಂಗ್ ಭಾಷೆ ಕಟ್ಟಲು ಹೊರಟವರು ಪಾರ್ಸರ್ ಬರೆದು, ಫಂಕ್ಷನ್ ಕರೆಗಳನ್ನೂ ಓಡಿಸಿ, ಕೊನೆಗೆ ಕ್ಲೋಷರ್, ಅಂದರೆ ಹೊರಗಿನ ಫಂಕ್ಷನ್‌ನ ವೇರಿಯಬಲ್‌ಗಳನ್ನು ಜೊತೆಗೆ ಹಿಡಿದಿರುವ ಒಳಗಿನ ಫಂಕ್ಷನ್, ಎದುರಾದಾಗ ನಿಂತುಬಿಡುತ್ತಾರೆ. ಅಲ್ಲಿ ನಿಂತು ಅವರು ಕೇಳುವ ಪ್ರಶ್ನೆ, ಮಾತು ಬೇರೆಯಾದರೂ, ಒಂದೇ: ಹೊರಗಿನ ಫಂಕ್ಷನ್ ಮುಗಿದುಹೋದ ಮೇಲೂ ಒಳಗಿನ ಫಂಕ್ಷನ್ ಅದರ ವೇರಿಯಬಲನ್ನು ಬಳಸುತ್ತಿದೆಯಲ್ಲ, ಆ ವೇರಿಯಬಲ್ ಆಗ ಎಲ್ಲಿರುತ್ತದೆ? ಈ ಪ್ರಶ್ನೆ ಪದೇ ಪದೇ ಬರುತ್ತಿರುವುದರಿಂದ ಉತ್ತರವನ್ನು ಹಂತ ಹಂತವಾಗಿ ಒಂದೆಡೆ ಬರೆದಿಡುತ್ತಿದ್ದೇನೆ. ಕಂಪೈಲರ್ ಬರೆಯುವ ಉದ್ದೇಶ ನಿಮಗಿಲ್ಲದಿದ್ದರೂ, ನೀವು ದಿನವೂ ಬಳಸುವ ಭಾಷೆ ಕೆಲವೊಮ್ಮೆ ವಿಚಿತ್ರವಾಗಿ ನಡೆದುಕೊಳ್ಳುವುದೇಕೆ ಎಂಬುದು ಇದರಿಂದ ತಿಳಿಯುತ್ತದೆ.

ನಿಮ್ಮ ಬಳಿ ಮೊದಲೇ ಇರಬೇಕಾದವು ಮೂರು. ಪ್ರೋಗ್ರಾಮನ್ನು ಮರದ ರೂಪದಲ್ಲಿ ಕೊಡುವ ಪಾರ್ಸರ್. ಯಾವ ಹೆಸರು ಯಾವ ಘೋಷಣೆಗೆ ಸೇರಿದ್ದು ಎಂದು ಪತ್ತೆಹಚ್ಚುವ ಒಂದು ಸುತ್ತು. ಮತ್ತು ಹೀಪ್, ಅಂದರೆ ಫಂಕ್ಷನ್ ಮುಗಿದರೂ ಅಳಿಯದ ಮೆಮೊರಿಯಲ್ಲಿ ಜಾಗ ಪಡೆಯುವ ಸೌಲಭ್ಯ. ಕಸ ಸಂಗ್ರಾಹಕ, ಅಂದರೆ ಯಾರೂ ಬಳಸದ ಮೆಮೊರಿಯನ್ನು ಮರಳಿ ಪಡೆಯುವ ವ್ಯವಸ್ಥೆ, ಇನ್ನೂ ಸಿದ್ಧವಿಲ್ಲದಿದ್ದರೆ ಕಲಿಯುವಷ್ಟು ದಿನ ಮೆಮೊರಿಯನ್ನು ಬಿಡುಗಡೆ ಮಾಡದೆ ಸಾಗಬಹುದು.

ಇಡೀ ಲೇಖನಕ್ಕೆ ಈ ಒಂದು ಉದಾಹರಣೆ ಸಾಕು:

    ಫಂಕ್ಷನ್ ಎಣಿಕೆಗಾರ(ಆರಂಭ, ಹೆಜ್ಜೆ)
        ಚರ ಎಣಿಕೆ = ಆರಂಭ
        ಮರಳಿಸು ಫಂಕ್ಷನ್()
            ಎಣಿಕೆ = ಎಣಿಕೆ + ಹೆಜ್ಜೆ
            ಮರಳಿಸು ಎಣಿಕೆ
        ಕೊನೆ
    ಕೊನೆ

ಎಣಿಕೆಗಾರ(10, 5) ಎಂದು ಕರೆದರೆ ಒಂದು ಫಂಕ್ಷನ್ ಕೈಗೆ ಬರುತ್ತದೆ. ಅದನ್ನು ಮೊದಲ ಸಲ ಕರೆದಾಗ 15, ಎರಡನೆಯ ಸಲ 20 ಬರಬೇಕು.

ಹಂತ 1: ಸ್ಟ್ಯಾಕ್ ಏಕೆ ಸಾಲದು ಎಂಬುದನ್ನು ಖಚಿತಪಡಿಸಿಕೊಳ್ಳಿ

ಫಂಕ್ಷನ್ ಕರೆದಾಗ ಅದರ ಸ್ಥಳೀಯ ವೇರಿಯಬಲ್‌ಗಳಿಗೆ ಸ್ಟ್ಯಾಕ್ ಮೇಲೆ ಒಂದು ಚೌಕಟ್ಟು ಸಿಗುತ್ತದೆ, ಫಂಕ್ಷನ್ ಮರಳಿದ ಕೂಡಲೇ ಆ ಚೌಕಟ್ಟು ಅಳಿದು ಅದೇ ಜಾಗ ಮುಂದಿನ ಕರೆಯ ಪಾಲಾಗುತ್ತದೆ. ಪಾಸ್ಕಲ್‌ನಂಥ ಭಾಷೆಗಳಿಗೆ ಇದು ತೊಡಕಾಗಲಿಲ್ಲ. ಅಲ್ಲಿ ಒಳಗಿನ ಫಂಕ್ಷನನ್ನು ಇನ್ನೊಂದು ಫಂಕ್ಷನ್‌ಗೆ ಕೊಡಬಹುದೇ ಹೊರತು ಮರಳಿಸುವಂತಿರಲಿಲ್ಲ. ಹಾಗಾಗಿ ಹೊರಗಿನ ಚೌಕಟ್ಟು ಬದುಕಿರುವಾಗಲೇ ಒಳಗಿನ ಕೆಲಸ ಮುಗಿಯುತ್ತಿತ್ತು, ಹೊರಚೌಕಟ್ಟಿನ ವಿಳಾಸವೊಂದನ್ನು ದಾಟಿಸಿದರೆ ಸಾಕಾಗುತ್ತಿತ್ತು. ನಮ್ಮ ಉದಾಹರಣೆಯಲ್ಲಿ ಒಳಗಿನ ಫಂಕ್ಷನ್ ಹೊರಗಿನದಕ್ಕಿಂತ ಹೆಚ್ಚು ಕಾಲ ಬದುಕುತ್ತದೆ. ಆದ್ದರಿಂದ ‘ಎಣಿಕೆ’ ಮತ್ತು ‘ಹೆಜ್ಜೆ’ ಎರಡನ್ನೂ ಅದು ತನ್ನ ಜೊತೆ ಬುತ್ತಿ ಕಟ್ಟಿಕೊಂಡು ಹೊರಡಬೇಕು. ಕೋಡ್ ಮತ್ತು ಆ ಕೋಡಿಗೆ ಬೇಕಾದ ಪರಿಸರ ಇವೆರಡರ ಜೋಡಿಗೆ ಕ್ಲೋಷರ್ ಎಂಬ ಹೆಸರನ್ನು ಕಂಪ್ಯೂಟರ್ ವಿಜ್ಞಾನಿ ಪೀಟರ್ ಲ್ಯಾಂಡಿನ್ ಕೊಟ್ಟದ್ದು 1964ರಲ್ಲಿ. 1975ರ ಸ್ಕೀಮ್ ಭಾಷೆ ಅದನ್ನು ಭಾಷೆಯ ನಡುಮನೆಗೇ ತಂದಿತು.

ಹಂತ 2: ಮುಕ್ತ ವೇರಿಯಬಲ್‌ಗಳ ಪಟ್ಟಿ ಮಾಡಿ

ಒಂದು ಫಂಕ್ಷನ್ ಬಳಸುವ, ಆದರೆ ತಾನು ಘೋಷಿಸದ ವೇರಿಯಬಲ್‌ಗಳನ್ನು ಅದರ ಮುಕ್ತ ವೇರಿಯಬಲ್‌ಗಳು ಎನ್ನುತ್ತೇವೆ. ಎಲ್ಲರಿಗೂ ಒಂದೇ ಸ್ಥಿರ ವಿಳಾಸದಲ್ಲಿ ಸಿಗುವ ಜಾಗತಿಕ ಹೆಸರುಗಳನ್ನು ಇದರಲ್ಲಿ ಸೇರಿಸಬೇಡಿ. ನಮ್ಮ ಒಳಫಂಕ್ಷನ್‌ಗೆ ‘ಎಣಿಕೆ’ ಮತ್ತು ‘ಹೆಜ್ಜೆ’ ಮುಕ್ತ. ‘ಆರಂಭ’ ಅಲ್ಲ, ಏಕೆಂದರೆ ಒಳಗೆ ಅದರ ಸುದ್ದಿಯೇ ಇಲ್ಲ. ಮರವನ್ನು ಕೆಳಗಿನಿಂದ ಮೇಲಕ್ಕೆ ನೋಡುತ್ತ ಪ್ರತಿ ಫಂಕ್ಷನ್‌ಗೂ ಈ ಗಣವನ್ನು ಲೆಕ್ಕ ಹಾಕಬೇಕು: ಬಳಸಿದ ಹೆಸರುಗಳು, ಜೊತೆಗೆ ಒಳಗಿನ ಫಂಕ್ಷನ್‌ಗಳ ಮುಕ್ತ ವೇರಿಯಬಲ್‌ಗಳು, ಅದರಿಂದ ತನ್ನ ಸ್ವಂತ ಘೋಷಣೆಗಳನ್ನು ಕಳೆದದ್ದು.

ಆ ನಡುವಿನ ಭಾಗವನ್ನು, ಅಂದರೆ ಒಳಫಂಕ್ಷನ್‌ಗಳ ಮುಕ್ತ ವೇರಿಯಬಲ್‌ಗಳನ್ನು, ಬಹಳ ಮಂದಿ ಮರೆಯುತ್ತಾರೆ. ಮೂರು ಪದರಗಳ ಫಂಕ್ಷನ್ ಇದ್ದು, ತೀರಾ ಒಳಗಿನದು ತೀರಾ ಹೊರಗಿನ ವೇರಿಯಬಲ್ ಬಳಸಿದರೆ, ನಡುವಿನ ಫಂಕ್ಷನ್ ಅದನ್ನು ಮುಟ್ಟದಿದ್ದರೂ ಹೊತ್ತುಕೊಂಡಿರಲೇಬೇಕು. ಒಳಗಿನ ಕ್ಲೋಷರ್ ಹುಟ್ಟುವುದು ನಡುವಿನದು ಓಡುವಾಗ, ಆ ಹೊತ್ತಿಗೆ ತೀರಾ ಹೊರಗಿನದು ಮುಗಿದುಹೋಗಿರಬಹುದು. ಎರಡು ಪದರಗಳ ಪರೀಕ್ಷೆಗಳೆಲ್ಲ ಪಾಸಾಗಿ ಮೂರನೆಯ ಪದರದಲ್ಲಿ ಕಂಪೈಲರ್ ಕುಸಿದರೆ ಮೊದಲು ಇಲ್ಲಿಯೇ ಹುಡುಕಿ.

ಹಂತ 3: ಮತ್ತೆ ಬರೆಯಲಾಗುವ ವೇರಿಯಬಲ್‌ಗಳನ್ನು ಗುರುತಿಸಿ, ಡಬ್ಬಿಗೆ ಹಾಕಿ

ಇಡೀ ವಿಷಯದ ತಿರುಳು ಇರುವುದು ಈ ಹಂತದಲ್ಲಿ, ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನಿಸೋಣ. ಕ್ಲೋಷರ್ ಹಿಡಿಯುವುದು ಬೆಲೆಯನ್ನೋ (ವ್ಯಾಲ್ಯೂ), ವೇರಿಯಬಲನ್ನೋ? ಹೆಚ್ಚಿನ ಭಾಷೆಗಳಲ್ಲಿ ಉತ್ತರ ‘ವೇರಿಯಬಲನ್ನು’ ಎಂದೇ: ಒಳಗೆ ಬರೆದದ್ದು ಹೊರಗೆ ಕಾಣಬೇಕು, ಹೊರಗೆ ಬರೆದದ್ದು ಒಳಗೆ ಕಾಣಬೇಕು. ಆದರೆ ಬೆಲೆಯನ್ನು ನಕಲು ಮಾಡಿ ಕ್ಲೋಷರ್ ಒಳಗೆ ಇಡುವುದು ಅಗ್ಗ, ವೇಗ. ಈ ಎರಡನ್ನೂ ಹೊಂದಿಸುವ ಸೂತ್ರ ಸರಳವಾದದ್ದು. ಮೊದಲ ಬೆಲೆ ಸಿಕ್ಕ ಮೇಲೆ ಎಂದೂ ಬದಲಾಗದ ವೇರಿಯಬಲ್‌ನ ನಕಲಿಗೂ ಮೂಲಕ್ಕೂ ಯಾವ ಪ್ರೋಗ್ರಾಮೂ ವ್ಯತ್ಯಾಸ ಕಾಣಲಾರದು, ಹಾಗಾಗಿ ಅದನ್ನು ನಕಲು ಮಾಡಿ. ಹಿಡಿಯಲ್ಪಡುವ ಮತ್ತು ಬದಲಾಗುವ, ಎರಡೂ ಆಗಿರುವ ವೇರಿಯಬಲ್‌ಗೆ ಮಾತ್ರ ಹೀಪ್‌ನಲ್ಲಿ ಒಂದು ಡಬ್ಬಿ ಮಾಡಿ, ಬೆಲೆಯನ್ನು ಅದರೊಳಗಿಟ್ಟು, ಎಲ್ಲರೂ ಆ ಡಬ್ಬಿಯ ವಿಳಾಸವನ್ನೇ ಹಂಚಿಕೊಳ್ಳುವಂತೆ ಮಾಡಿ. ಸ್ಕೀಮ್ ಕಂಪೈಲರ್‌ಗಳ ಪರಂಪರೆಯಲ್ಲಿ ಇದನ್ನು ನಿಯೋಜನೆ ಪರಿವರ್ತನೆ ಎನ್ನುತ್ತಾರೆ. ಕೆಂಟ್ ಡಿಬ್ವಿಗ್ ತಮ್ಮ 1987ರ ಪಿಎಚ್‌ಡಿ ಪ್ರಬಂಧದಲ್ಲಿ ವಿವರಿಸಿದ ಮಾದರಿಗಳಲ್ಲಿ ಈ ಡಬ್ಬಿಯ ಉಪಾಯವೂ ಇದೆ.

ಡಬ್ಬಿಯ ವೇರಿಯಬಲ್‌ನ ಪ್ರತಿ ಓದು ‘ಡಬ್ಬಿ ತೆರೆದು ನೋಡು’ ಎಂದಾಗುತ್ತದೆ, ಪ್ರತಿ ಬರಹ ‘ಡಬ್ಬಿಯೊಳಗೆ ಹಾಕು’ ಎಂದಾಗುತ್ತದೆ. ಆದರೆ ಡಬ್ಬಿಯ ವಿಳಾಸ ಹಿಡಿದ ವೇರಿಯಬಲ್ ಇನ್ನು ಮುಂದೆ ಬದಲಾಗುವುದೇ ಇಲ್ಲ, ಆದ್ದರಿಂದ ಅದನ್ನೂ ನಿಶ್ಚಿಂತೆಯಿಂದ ನಕಲು ಮಾಡಬಹುದು. ಹೀಗೆ ಮುಂದಿನ ಹಂತಗಳಿಗೆಲ್ಲ ಒಂದೇ ನಿಯಮ ಉಳಿಯುತ್ತದೆ: ಎಲ್ಲವೂ ನಕಲು.

ಇಲ್ಲಿ ಎಡವುವ ಜಾಗಗಳು ಹಲವು. ಪ್ಯಾರಾಮೀಟರ್ ಕೂಡ ವೇರಿಯಬಲ್ಲೇ. ಫಂಕ್ಷನ್ ಒಳಗೆ ಅದನ್ನು ಯಾರಾದರೂ ಬದಲಿಸುತ್ತಿದ್ದು, ಕ್ಲೋಷರ್ ಕೂಡ ಹಿಡಿದಿದ್ದರೆ, ಫಂಕ್ಷನ್ ಶುರುವಾದ ಕೂಡಲೇ ಅದನ್ನು ಡಬ್ಬಿಗೆ ವರ್ಗಾಯಿಸುವ ಸಾಲೊಂದು ಬೇಕು. ಬದಲಾಯಿಸುವವರು ಹೊರಗಿನವರೋ ಒಳಗಿನವರೋ ಎಂಬುದು ಮುಖ್ಯವಲ್ಲ, ಎಲ್ಲಿ ಬರೆದರೂ ಡಬ್ಬಿ ಬೇಕು. ‘ಕ್ಲೋಷರ್ ಹುಟ್ಟುವ ಮೊದಲೇ ಬರೆದು ಮುಗಿದಿದೆಯಲ್ಲ, ಡಬ್ಬಿ ಯಾಕೆ?’ ಎಂಬ ಜಾಣತನ ಸರಿಯಾದದ್ದೇ, ಆದರೆ ಲೂಪ್‌ಗಳಿರುವಾಗ ‘ಮೊದಲು’ ಎಂದರೇನು ಎಂದು ನಿರ್ಧರಿಸಲು ಹರಿವಿನ ವಿಶ್ಲೇಷಣೆ, ಅಂದರೆ ಯಾವ ಸಾಲಿನ ನಂತರ ಯಾವುದು ಓಡಬಹುದು ಎಂಬ ಲೆಕ್ಕ, ಬೇಕಾಗುತ್ತದೆ; ಮೊದಲ ಕಂಪೈಲರ್‌ನಲ್ಲಿ ಆ ಗೋಜು ಬೇಡ. ಹಂತ 2ರ ನಡುವಿನ ಫಂಕ್ಷನ್ ಡಬ್ಬಿಯನ್ನು ಮುಂದೆ ದಾಟಿಸುವಾಗ ಡಬ್ಬಿಯನ್ನೇ ದಾಟಿಸಬೇಕು, ತೆರೆದು ಒಳಗಿನ ಬೆಲೆಯನ್ನಲ್ಲ. ಈ ತಪ್ಪು ಆದಾಗ ಪ್ರೋಗ್ರಾಮ್ ಕುಸಿಯದೆ ಬರೀ ತಪ್ಪು ಲೆಕ್ಕ ಕೊಡಬಹುದು, ಅದಕ್ಕೇ ಅದು ಹೆಚ್ಚು ಅಪಾಯಕಾರಿ.

ಬಳಕೆಯಲ್ಲಿರುವ ಭಾಷೆಗಳನ್ನು ಈ ಸೂತ್ರದ ಕಣ್ಣಿನಿಂದ ನೋಡಿದರೆ ಅವುಗಳ ವಿಚಿತ್ರ ನಿಯಮಗಳು ಅರ್ಥವಾಗುತ್ತವೆ. ಜಾವಾ ಡಬ್ಬಿಯನ್ನೇ ನಿರಾಕರಿಸಿತು: ಒಳಗಿನ ಕ್ಲಾಸ್ ಹಿಡಿಯುವ ಸ್ಥಳೀಯ ವೇರಿಯಬಲ್ ಬದಲಾಗಬಾರದು ಎಂಬ ನಿಯಮ ಮಾಡಿ, 2014ರ ಜಾವಾ 8ರಲ್ಲಿ ಬಂದ ಲ್ಯಾಮ್ಡಾಗಳಿಗೂ (ಹೆಸರಿಲ್ಲದ ಫಂಕ್ಷನ್‌ಗಳಿಗೂ) ಅದನ್ನೇ ಉಳಿಸಿಕೊಂಡು, ಸದಾ ನಕಲು ಮಾಡುತ್ತದೆ. ಒಂದೇ ಅಂಶದ ಅರೇ ಮಾಡಿ ನಿಯಮದಿಂದ ನುಣುಚಿಕೊಳ್ಳುವ ಜಾವಾ ಪ್ರೋಗ್ರಾಮರ್ ಕಂಪೈಲರ್ ಮಾಡದ ಡಬ್ಬಿಯನ್ನು ಕೈಯಾರೆ ಮಾಡಿಕೊಳ್ಳುತ್ತಿರುತ್ತಾನೆ. ಪೈಥಾನ್ ಇದಕ್ಕೆ ತದ್ವಿರುದ್ಧ. ಬದಲಾಗಲಿ ಬಿಡಲಿ, ಹಿಡಿಯಲ್ಪಟ್ಟ ಪ್ರತಿ ವೇರಿಯಬಲ್‌ಗೂ ‘ಸೆಲ್’ ಎಂಬ ಡಬ್ಬಿ ಕೊಡುತ್ತದೆ. ಒಕ್ಯಾಮಲ್‌ನಲ್ಲಿ ವೇರಿಯಬಲ್ ಬದಲಾಗುವುದೇ ಇಲ್ಲ, ಬದಲಾಗಬೇಕಾದದ್ದಕ್ಕೆ ಪ್ರೋಗ್ರಾಮರೇ ‘ರೆಫ್’ ಎಂಬ ಡಬ್ಬಿ ಕೇಳಬೇಕು. ಗೋ ಭಾಷೆಯ ಅಧಿಕೃತ ಕಂಪೈಲರ್ ನಮ್ಮ ಸೂತ್ರಕ್ಕೆ ತೀರಾ ಹತ್ತಿರ: ಮತ್ತೆ ಬರೆಯಲಾಗದ, ವಿಳಾಸ ಯಾರೂ ಕೇಳದ, 128 ಬೈಟ್ ಮೀರದ ವೇರಿಯಬಲ್ ಆದರೆ ನಕಲು, ಇಲ್ಲವಾದರೆ ವಿಳಾಸ. ಸಿ ಪ್ಲಸ್ ಪ್ಲಸ್ ಈ ನಿರ್ಧಾರವನ್ನು ಪ್ರೋಗ್ರಾಮರ್ ಹೆಗಲಿಗೆ ಹಾಕಿದೆ, ಅಲ್ಲಿ ವಿಳಾಸದ ಮೂಲಕ ಹಿಡಿದು ಲ್ಯಾಮ್ಡಾವನ್ನು ಮರಳಿಸಿದರೆ ಅಳಿದ ಚೌಕಟ್ಟಿನ ವಿಳಾಸ ಉಳಿಯುತ್ತದೆ. ರಸ್ಟ್ ಅದೇ ತಪ್ಪನ್ನು ಕಂಪೈಲ್ ಮಾಡುವಾಗಲೇ ತಡೆಯುತ್ತದೆ.

ಈ ಹಂತಕ್ಕೆ ಒಂದು ಷರತ್ತಿದೆ: ಕೋಡ್ ಹೊರಡಿಸುವ ಮೊದಲು ಇಡೀ ಫಂಕ್ಷನನ್ನು ಒಮ್ಮೆ ನೋಡಿ ಮುಗಿಸಿರಬೇಕು. ಒಂದೇ ಓಟದಲ್ಲಿ ಓದುತ್ತ ಕೋಡ್ ಬರೆಯುವ ಕಂಪೈಲರ್‌ಗೆ, ಹತ್ತು ಸಾಲು ಕೆಳಗೆ ಯಾರೋ ಈ ವೇರಿಯಬಲನ್ನು ಹಿಡಿಯುತ್ತಾರೆ ಎಂಬುದು ಮೊದಲೇ ತಿಳಿಯುವುದಿಲ್ಲ. ಬ್ರೆಜಿಲ್‌ನಲ್ಲಿ ಹುಟ್ಟಿದ ಲುವಾ ಭಾಷೆಯ ಕಂಪೈಲರ್ ಅಂಥದ್ದು, ಅದು ಕಂಡುಕೊಂಡ ದಾರಿ ಬಲು ಸೊಗಸು. ಅಲ್ಲಿ ವೇರಿಯಬಲ್ ಎಂದಿನಂತೆ ಸ್ಟ್ಯಾಕ್ ಮೇಲೆಯೇ ಇರುತ್ತದೆ. ಕ್ಲೋಷರ್ ಹುಟ್ಟಿದಾಗ ‘ಅಪ್‌ವ್ಯಾಲ್ಯೂ’ ಎಂಬ ಚಿಕ್ಕ ವಸ್ತುವೊಂದು ಹುಟ್ಟಿ ಸ್ಟ್ಯಾಕ್‌ನ ಆ ಜಾಗದ ಕಡೆ ಬೆರಳು ತೋರುತ್ತದೆ. ವೇರಿಯಬಲ್‌ನ ವ್ಯಾಪ್ತಿ ಮುಗಿಯುವಾಗ ಬೆಲೆಯನ್ನು ಆ ವಸ್ತುವಿನೊಳಕ್ಕೇ ನಕಲು ಮಾಡಿ, ಬೆರಳನ್ನು ತನ್ನತ್ತಲೇ ತಿರುಗಿಸಲಾಗುತ್ತದೆ. ಎರಡು ಕ್ಲೋಷರ್‌ಗಳು ಒಂದೇ ವೇರಿಯಬಲ್ ಹಿಡಿದರೆ ಅವಕ್ಕೆ ಒಂದೇ ಅಪ್‌ವ್ಯಾಲ್ಯೂ ಸಿಗಲೆಂದು ತೆರೆದಿರುವ ಅಪ್‌ವ್ಯಾಲ್ಯೂಗಳ ಪಟ್ಟಿಯೊಂದನ್ನು ಇಟ್ಟುಕೊಳ್ಳಬೇಕು. ಸೊಗಸಾದರೂ, ಎರಡು ಸುತ್ತು ಓಡಬಲ್ಲ ಕಂಪೈಲರ್ ನಿಮ್ಮದಾಗಿದ್ದರೆ ಡಬ್ಬಿಯೇ ಸುಲಭ, ತಪ್ಪು ಹುಡುಕುವುದೂ ಸುಲಭ.

ಹಂತ 4: ಕ್ಲೋಷರ್ ವಸ್ತುವಿನ ಆಕಾರ ನಿರ್ಧರಿಸಿ

ಎರಡು ಮುಖ್ಯ ಆಕಾರಗಳಿವೆ. ಚಪ್ಪಟೆ ಕ್ಲೋಷರ್‌ನಲ್ಲಿ ಕೋಡಿನ ವಿಳಾಸದ ಹಿಂದೆಯೇ ಬೇಕಾದ ವೇರಿಯಬಲ್‌ಗಳೆಲ್ಲ ಸಾಲಾಗಿ ಕೂತಿರುತ್ತವೆ. ಎಷ್ಟು ಆಳದ ಪದರದಿಂದ ಬಂದದ್ದಾದರೂ ಒಂದೇ ನೆಗೆತಕ್ಕೆ ಸಿಗುತ್ತದೆ. 64 ಬಿಟ್ ಯಂತ್ರದಲ್ಲಿ ನಮ್ಮ ಎಣಿಕೆಗಾರನ ಕ್ಲೋಷರ್‌ಗೆ ಕೋಡ್ ವಿಳಾಸಕ್ಕೆ 8, ‘ಎಣಿಕೆ’ಯ ಡಬ್ಬಿಯ ವಿಳಾಸಕ್ಕೆ 8, ‘ಹೆಜ್ಜೆ’ಯ ನಕಲಿಗೆ 8, ಒಟ್ಟು 24 ಬೈಟ್, ಜೊತೆಗೆ ಕಸ ಸಂಗ್ರಾಹಕ ಕೇಳುವ ತಲೆಪಟ್ಟಿ, ಅಂದರೆ ವಸ್ತುವಿನ ಗಾತ್ರದಂಥ ವಿವರ. ಸರಪಳಿ ಕ್ಲೋಷರ್‌ನಲ್ಲಿ ಪ್ರತಿ ವ್ಯಾಪ್ತಿಗೂ ಒಂದು ಪರಿಸರ ವಸ್ತುವಿದ್ದು, ಅದು ತನ್ನ ಹೊರಗಿನದರ ವಿಳಾಸವನ್ನು ಹಿಡಿದಿರುತ್ತದೆ. ಕ್ಲೋಷರ್ ಹುಟ್ಟಿಸುವುದು ಅಗ್ಗ, ಆದರೆ ಹೊರಗಿನ ವೇರಿಯಬಲ್ ಓದಲು ಒಂದೊಂದೇ ಕೊಂಡಿ ಹತ್ತಬೇಕು. ಇದರಲ್ಲಿ ವೇರಿಯಬಲ್ ಪರಿಸರದೊಳಗೇ ಇರುವುದರಿಂದ ಬೇರೆ ಡಬ್ಬಿ ಬೇಕಿಲ್ಲ.

ಸರಪಳಿಯ ನಿಜವಾದ ವೆಚ್ಚ ವೇಗದಲ್ಲಿಲ್ಲ, ಮೆಮೊರಿಯಲ್ಲಿದೆ. ಕ್ರೋಮ್ ಮತ್ತು ನೋಡ್.ಜೆಎಸ್ ಬಳಸುವ ವಿ8 ಜಾವಾಸ್ಕ್ರಿಪ್ಟ್ ಎಂಜಿನ್ ಸರಪಳಿಯ ಜಾತಿಯದು. ಅಲ್ಲಿ ಒಂದೇ ವ್ಯಾಪ್ತಿಯಲ್ಲಿ ಹುಟ್ಟಿದ ಕ್ಲೋಷರ್‌ಗಳೆಲ್ಲ ಒಂದೇ ‘ಕಾಂಟೆಕ್ಸ್ಟ್’ ವಸ್ತುವನ್ನು ಹಂಚಿಕೊಳ್ಳುತ್ತವೆ. ಒಂದು ಕ್ಲೋಷರ್ ದೊಡ್ಡದೊಂದು ಅರೇಯನ್ನು ಬಳಸಿ ಅಳಿದುಹೋಗಿ, ಅದರ ನೆರೆಯ ಪುಟ್ಟ ಕ್ಲೋಷರ್ ಮಾತ್ರ ಬಟನ್‌ಗೆ ಅಂಟಿಕೊಂಡು ವರ್ಷಗಟ್ಟಲೆ ಬದುಕಿದರೆ, ಅದು ಎಂದೂ ನೋಡದ ಆ ಅರೇಯೂ ಜೊತೆಗೇ ಬದುಕುತ್ತದೆ. ಚಪ್ಪಟೆ ಕ್ಲೋಷರ್ ತಾನು ಹೆಸರಿಸಿದ್ದನ್ನಷ್ಟೇ ಹಿಡಿಯುವುದರಿಂದ ಈ ಸೋರಿಕೆ ಅಲ್ಲಿಲ್ಲ. ಲೂಕಾ ಕಾರ್ಡೆಲ್ಲಿ 1980ರ ದಶಕದ ಮೊದಲ ಭಾಗದಲ್ಲಿ ಎಂಎಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ತಮ್ಮ ಕಂಪೈಲರ್‌ನಲ್ಲಿ ಬಳಸಿದ್ದು ಚಪ್ಪಟೆ ಆಕಾರವನ್ನೇ. ನನ್ನ ಸಲಹೆಯೂ ಅದೇ: ಚಪ್ಪಟೆ ಕ್ಲೋಷರ್, ಬೇಕಾದಲ್ಲಿ ಡಬ್ಬಿ.

ಹಂತ 5: ಕೋಡ್ ಬರೆಯಿರಿ

ಈಗ ಒಳಫಂಕ್ಷನನ್ನು ಹೊರಗೆಳೆದು ಸಾಮಾನ್ಯ ಫಂಕ್ಷನ್ ಆಗಿಸಿ, ಅದಕ್ಕೆ ಗುಪ್ತವಾದ ಮೊದಲ ಪ್ಯಾರಾಮೀಟರ್ ಒಂದನ್ನು ಸೇರಿಸಿ. ಕರೆಯುವಾಗ ಕ್ಲೋಷರ್ ತನ್ನನ್ನೇ ಅದರಲ್ಲಿ ದಾಟಿಸುತ್ತದೆ. ಇದರ ಹೆಸರು ಕ್ಲೋಷರ್ ಪರಿವರ್ತನೆ. ಉದಾಹರಣೆ ಹೀಗಾಗುತ್ತದೆ:

    ಫಂಕ್ಷನ್ ಎಣಿಕೆಗಾರ(ಆರಂಭ, ಹೆಜ್ಜೆ)
        ಚರ ಎಣಿಕೆ = ಹೊಸಡಬ್ಬಿ(ಆರಂಭ)
        ಮರಳಿಸು ಹೊಸಕ್ಲೋಷರ್(ಒಳಗಿನ_1, ಎಣಿಕೆ, ಹೆಜ್ಜೆ)
    ಕೊನೆ

    ಫಂಕ್ಷನ್ ಒಳಗಿನ_1(ತಾನು)
        ತಾನು[1].ಬೆಲೆ = ತಾನು[1].ಬೆಲೆ + ತಾನು[2]
        ಮರಳಿಸು ತಾನು[1].ಬೆಲೆ
    ಕೊನೆ

‘ಆರಂಭ’ ಸ್ಟ್ಯಾಕ್‌ನಲ್ಲೇ ಉಳಿದು ಅಲ್ಲಿಯೇ ಅಳಿಯಿತು, ‘ಹೆಜ್ಜೆ’ ನಕಲಾಯಿತು, ‘ಎಣಿಕೆ’ ಡಬ್ಬಿಗೆ ಹೋಯಿತು. ಮೂರು ವೇರಿಯಬಲ್‌ಗಳಿಗೆ ಮೂರು ಗತಿ. ಸ್ಥಾನ ಸಂಖ್ಯೆಗಳನ್ನು ಹುಟ್ಟಿಸುವ ಕಡೆಯೂ ಬಳಸುವ ಕಡೆಯೂ ಒಂದೇ ಪಟ್ಟಿಯಿಂದ ತೆಗೆದುಕೊಳ್ಳಿ. ಎರಡು ಕಡೆ ಬೇರೆ ಬೇರೆಯಾಗಿ ಗಣವನ್ನು ಸುತ್ತಿದರೆ, ಗಣಕ್ಕೆ ಕ್ರಮದ ಖಾತರಿಯಿಲ್ಲದ ಭಾಷೆಯಲ್ಲಿ, ಒಂದು ದಿನ ‘ಹೆಜ್ಜೆ’ ಇರಬೇಕಾದಲ್ಲಿ ‘ಎಣಿಕೆ’ ಕೂತಿರುತ್ತದೆ.

ಹಂತ 6: ಲೂಪ್ ವೇರಿಯಬಲ್ ಬಗ್ಗೆ ನಿರ್ಧಾರ ಮಾಡಿ

ಮೂರು ಸುತ್ತಿನ ಲೂಪ್ ಒಳಗೆ ಮೂರು ಕ್ಲೋಷರ್ ಮಾಡಿ, ಲೂಪ್ ಮುಗಿದ ಮೇಲೆ ಅವುಗಳಿಂದ ಲೂಪ್ ವೇರಿಯಬಲನ್ನು ಮುದ್ರಿಸಿದರೆ ಏನು ಬರಬೇಕು? ಇದು ಪೂರ್ತಿಯಾಗಿ ಡಬ್ಬಿಯ ಲೆಕ್ಕ. ಇಡೀ ಲೂಪ್‌ಗೆ ಒಂದೇ ಡಬ್ಬಿಯಾದರೆ ಮೂವರೂ ಕೊನೆಯ ಬೆಲೆಯನ್ನೇ ಹೇಳುತ್ತಾರೆ, ಸುತ್ತಿಗೊಂದು ಡಬ್ಬಿಯಾದರೆ ಒಬ್ಬೊಬ್ಬರು ಒಂದೊಂದು. ಜಾವಾಸ್ಕ್ರಿಪ್ಟ್‌ನಲ್ಲಿ ಸೊನ್ನೆಯಿಂದ ಶುರುವಾಗಿ ಮೂರಕ್ಕಿಂತ ಕಡಿಮೆ ಇರುವವರೆಗೆ ಓಡುವ ಲೂಪ್ ‘ವಾರ್’ ಬಳಸಿದರೆ 3, 3, 3 ಕೊಡುತ್ತದೆ. 2015ರಲ್ಲಿ ಬಂದ ‘ಲೆಟ್’ ಬಳಸಿದರೆ 0, 1, 2. ಸಿ ಶಾರ್ಪ್ 2012ರ 5ನೆಯ ಆವೃತ್ತಿಯಲ್ಲಿ ‘ಫಾರ್‌ಈಚ್’ ಲೂಪ್‌ಗೆ ಸುತ್ತಿಗೊಂದು ವೇರಿಯಬಲ್ ಎಂದು ಬದಲಾಯಿಸಿತು, ಮೂರು ಭಾಗದ ‘ಫಾರ್’ ಲೂಪನ್ನು ಮಾತ್ರ ಹಾಗೆಯೇ ಬಿಟ್ಟಿತು. ಗೋ 2024ರ ಫೆಬ್ರವರಿಯ 1.22ನೆಯ ಆವೃತ್ತಿಯಲ್ಲಿ ಎರಡನ್ನೂ ಬದಲಾಯಿಸಿತು. ಬಳಕೆಯಲ್ಲಿರುವ ಭಾಷೆಯೊಂದು ಹಳೆಯ ಕೋಡ್ ಮುರಿಯುವ ಅಪಾಯ ಹೊತ್ತು ಅರ್ಥ ಬದಲಿಸಿತೆಂದರೆ ಮೊದಲ ಆಯ್ಕೆ ಎಷ್ಟು ಜನರನ್ನು ಕಾಡಿರಬೇಕು ಊಹಿಸಿ. ನೀವು ಹೊಸ ಭಾಷೆ ಮಾಡುತ್ತಿರುವುದರಿಂದ ಸುತ್ತಿಗೊಂದು ಡಬ್ಬಿಯನ್ನೇ ಆರಿಸಿಕೊಳ್ಳಿ.

ಪಟ್ಟಿಯ ಅಂಶಗಳ ಮೇಲೆ ಸಾಗುವ ಲೂಪ್‌ನಲ್ಲಿ ಇದು ಸುಲಭ, ಡಬ್ಬಿ ಮಾಡುವ ಸಾಲನ್ನು ಲೂಪ್‌ನ ಒಡಲೊಳಗೆ ಇಟ್ಟರಾಯಿತು. ಒಡಲಲ್ಲಿ ಯಾರೂ ಬದಲಿಸದಿದ್ದರೆ ಡಬ್ಬಿಯೂ ಬೇಡ, ನಕಲು ಸಾಕು. ಆರಂಭ, ಷರತ್ತು, ಹೆಚ್ಚಳ ಎಂಬ ಮೂರು ಭಾಗಗಳ ಲೂಪ್‌ನಲ್ಲಿ ಹೆಚ್ಚಳದ ಭಾಗವೇ ವೇರಿಯಬಲನ್ನು ಬದಲಿಸುವುದರಿಂದ ಕ್ರಮ ಮುಖ್ಯ: ಸುತ್ತಿನ ಕೊನೆಯಲ್ಲಿ ಹೊಸ ಡಬ್ಬಿ ಮಾಡಿ, ಹಳೆಯದರ ಬೆಲೆಯನ್ನು ಅದಕ್ಕೆ ನಕಲು ಮಾಡಿ, ಆಮೇಲೆ ಹೊಸದನ್ನು ಹೆಚ್ಚಿಸಿ. ಹೆಚ್ಚಿಸಿದ ಮೇಲೆ ಡಬ್ಬಿ ಬದಲಿಸಿದರೆ ಹಿಂದಿನ ಸುತ್ತಿನ ಕ್ಲೋಷರ್ ಒಂದು ಹೆಚ್ಚು ಎಣಿಸುತ್ತದೆ, 1, 2, 3 ಎಂದು.

ಹಂತ 7: ತನ್ನನ್ನೇ ಕರೆಯುವ ಕ್ಲೋಷರ್‌ಗಳನ್ನು ನೋಡಿಕೊಳ್ಳಿ

ಒಳಫಂಕ್ಷನ್ ತನ್ನ ಹೆಸರನ್ನೇ ಬಳಸಿದರೆ ಆ ಹೆಸರೂ ಮುಕ್ತ ವೇರಿಯಬಲ್ಲೇ. ಆದರೆ ಕ್ಲೋಷರ್ ಹುಟ್ಟುವ ಗಳಿಗೆಯಲ್ಲಿ ಆ ವೇರಿಯಬಲ್‌ಗೆ ಬೆಲೆಯಿಲ್ಲ, ನಕಲು ಮಾಡಿದರೆ ಖಾಲಿತನವೇ ನಕಲಾಗುತ್ತದೆ. ಒಂಟಿ ಫಂಕ್ಷನ್ ಆದರೆ ಗುಪ್ತ ಪ್ಯಾರಾಮೀಟರ್ ‘ತಾನು’ ಇದೆಯಲ್ಲ, ಅದನ್ನೇ ಬಳಸಿ. ಎರಡು ಫಂಕ್ಷನ್‌ಗಳು ಪರಸ್ಪರ ಕರೆಯುತ್ತಿದ್ದರೆ ಎರಡಕ್ಕೂ ಮೊದಲು ಜಾಗ ಪಡೆದು, ಆಮೇಲೆ ಎರಡರ ಸ್ಥಾನಗಳನ್ನೂ ತುಂಬಿ. ಮೊದಲನೆಯದಕ್ಕೆ ಜಾಗ ಪಡೆದು ಎರಡನೆಯದಕ್ಕೆ ಪಡೆಯುವ ನಡುವೆ ಕಸ ಸಂಗ್ರಾಹಕ ಓಡಬಹುದು, ಆದ್ದರಿಂದ ತುಂಬದ ಸ್ಥಾನಗಳಲ್ಲಿ ಹಳೆಯ ಕಸ ಇರದಂತೆ ಸೊನ್ನೆ ಬರೆದಿಡಿ.

ಹಂತ 8: ಬೇಡದ ಕ್ಲೋಷರ್‌ಗಳನ್ನು ಕೈಬಿಡಿ

ಇದು ಐಚ್ಛಿಕ. ಮುಕ್ತ ವೇರಿಯಬಲ್ ಒಂದೂ ಇಲ್ಲದ ಒಳಫಂಕ್ಷನ್‌ಗೆ ಪ್ರತಿ ಸಲ ಹೊಸ ವಸ್ತು ಬೇಡ, ಇಡೀ ಪ್ರೋಗ್ರಾಮ್‌ಗೆ ಒಂದೇ ಸಾಕು. ಹೆಸರಿನಿಂದ ನೇರವಾಗಿ ಕರೆಯಲ್ಪಡುವ, ಎಲ್ಲಿಗೂ ಬೆಲೆಯಾಗಿ ಹೋಗದ ಫಂಕ್ಷನ್‌ಗೆ ಮುಕ್ತ ವೇರಿಯಬಲ್‌ಗಳನ್ನು ಸಾಮಾನ್ಯ ಪ್ಯಾರಾಮೀಟರ್‌ಗಳಾಗಿಯೇ ಕೊಡಬಹುದು. ಲ್ಯಾಮ್ಡಾ ಲಿಫ್ಟಿಂಗ್ ಎಂಬ ಈ ತಂತ್ರವನ್ನು ಥಾಮಸ್ ಜಾನ್ಸನ್ 1985ರಲ್ಲಿ ವಿವರಿಸಿದರು. ಇವೆರಡನ್ನೂ ಮುಂದಿನ ಹಂತದ ಪರೀಕ್ಷೆಗಳು ಪಾಸಾಗುವ ಮೊದಲು ಮುಟ್ಟಬೇಡಿ.

ಹಂತ 9: ಪರೀಕ್ಷಿಸಿ

ಎಣಿಕೆಗಾರ(10, 5) ಮತ್ತು ಎಣಿಕೆಗಾರ(100, 1) ಎರಡನ್ನೂ ಮಾಡಿ ಒಂದರ ನಂತರ ಒಂದರಂತೆ ಕರೆಯಿರಿ; 15, 101, 20, 102 ಬರಬೇಕು, ಒಂದರ ಲೆಕ್ಕ ಇನ್ನೊಂದಕ್ಕೆ ತಾಗಬಾರದು. ಒಂದೇ ವೇರಿಯಬಲನ್ನು ಏರಿಸುವ ಮತ್ತು ಓದುವ ಎರಡು ಕ್ಲೋಷರ್‌ಗಳನ್ನು ಜೋಡಿಯಾಗಿ ಮರಳಿಸಿ, ಮೊದಲನೆಯದು ಬರೆದದ್ದು ಎರಡನೆಯದಕ್ಕೆ ಕಾಣುತ್ತದೆಯೇ ನೋಡಿ. ಕ್ಲೋಷರ್ ಹುಟ್ಟಿದ ಮೇಲೆ ಹೊರಗಿನ ಫಂಕ್ಷನ್ ತನ್ನ ಪ್ಯಾರಾಮೀಟರನ್ನೇ ಬದಲಿಸುವ ಪ್ರೋಗ್ರಾಮ್ ಒಂದಿರಲಿ. ಮೂರು ಪದರಗಳದ್ದೊಂದು, ಅದರಲ್ಲಿ ತೀರಾ ಒಳಗಿನದು ಬರೆಯುವಂತಿರಲಿ, ಬರೀ ಓದುವಂತಿದ್ದರೆ ಡಬ್ಬಿ ತೆರೆದು ದಾಟಿಸುವ ತಪ್ಪು ಸಿಕ್ಕಿಬೀಳದಿರಬಹುದು.

ನಿಮ್ಮ ಫಲಿತಾಂಶವನ್ನು ಹೋಲಿಸಿ ನೋಡಲು ಪೈಥಾನ್ ಅನುಕೂಲ. ಅಲ್ಲಿ ಪ್ರತಿ ಫಂಕ್ಷನ್‌ಗೂ, ಹಿಂದೆ ಮುಂದೆ ಎರಡೆರಡು ಅಂಡರ್‌ಸ್ಕೋರ್ ಇರುವ ‘ಕ್ಲೋಷರ್’ ಎಂಬ ಗುಣಾಂಶವಿದೆ. ಅದನ್ನು ಮುದ್ರಿಸಿದರೆ ಸೆಲ್‌ಗಳ ಸಾಲು ಕಾಣುತ್ತದೆ, ಪ್ರತಿ ಸೆಲ್‌ನ ‘ಸೆಲ್ ಕಂಟೆಂಟ್ಸ್’ ಒಳಗಿನ ಬೆಲೆ ತೋರಿಸುತ್ತದೆ. ನಮ್ಮ ಎಣಿಕೆಗಾರನನ್ನು ಪೈಥಾನ್‌ನಲ್ಲಿ ಬರೆಯುವಾಗ ಒಳಗೆ ‘ನಾನ್‌ಲೋಕಲ್’ ಎಂದು ಹೇಳಲು ಮರೆಯಬೇಡಿ, ಇಲ್ಲದಿದ್ದರೆ ಅದು ‘ಎಣಿಕೆ’ಯನ್ನು ಒಳಗಿನದೇ ಹೊಸ ವೇರಿಯಬಲ್ ಎಂದು ತಿಳಿದು, ಬೆಲೆ ಇಲ್ಲದೆ ಓದಿದ್ದಕ್ಕೆ ದೋಷ ಕೊಡುತ್ತದೆ.

ಕೊನೆಯದಾಗಿ, ಕಸ ಸಂಗ್ರಾಹಕ ಸಿದ್ಧವಾದ ದಿನ ಇದೇ ಪರೀಕ್ಷೆಗಳನ್ನೆಲ್ಲ ಇನ್ನೊಮ್ಮೆ ಓಡಿಸಿ, ಈ ಸಲ ಹೀಪ್‌ನಲ್ಲಿ ಜಾಗ ಕೇಳಿದಾಗಲೆಲ್ಲ ಸಂಗ್ರಾಹಕ ಓಡುವಂತೆ ಮಾಡಿ. ಹೊಸಡಬ್ಬಿ ಕೈಗೆ ಬಂದು ಹೊಸಕ್ಲೋಷರ್ ಇನ್ನೂ ಹುಟ್ಟಿರದ ಆ ಒಂದು ಗಳಿಗೆಯಲ್ಲಿ ಡಬ್ಬಿಯನ್ನು ಹಿಡಿದಿರುವುದು ಎಣಿಕೆಗಾರನ ಚೌಕಟ್ಟು ಮಾತ್ರ; ಸಂಗ್ರಾಹಕ ಆ ಚೌಕಟ್ಟನ್ನು ನೋಡಲು ಮರೆತಿದ್ದರೆ 15 ಬರಬೇಕಾದಲ್ಲಿ ಬೇರೇನೋ ಬಂದು, ತಪ್ಪು ಮೊದಲ ಕರೆಯಲ್ಲೇ ಹೊರಬೀಳುತ್ತದೆ.